ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ: ಜೂಲಿಯಾ ಮಾರ್ಗನ್ ಅವರ ಕಟ್ಟಡಗಳ ಕುರಿತು ಒಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ, ಇಲ್ಲಿನ ಕನ್ನಡ ಕೂಟಗಳ ಪದಾಧಿಕಾರಿಗಳೇ, ವಾರಾಂತ್ಯದ ಕನ್ನಡ ಶಾಲೆಗಳ ಅಧ್ಯಾಪಕರೇ,

ಬೇಸಿಗೆ ಬಂತೆಂದರೆ ಊರಿನಿಂದ ಅಪ್ಪ ಅಮ್ಮಂದಿರು, ಅತ್ತೆ ಮಾವಂದಿರು ನಮ್ಮ ಮನೆಗಳಿಗೆ ಬರುತ್ತಾರೆ. ಅವರಿಗೆ ತೋರಿಸಬೇಕಾದ ಸ್ಥಳಗಳ ಪಟ್ಟಿಯಲ್ಲಿ ಗೋಲ್ಡನ್ ಗೇಟ್ ಸೇತುವೆ, ಯೊಸೆಮಿಟಿ ಕಣಿವೆಗಳ ಜತೆಗೆ ಸ್ಯಾನ್ ಸಿಮಿಯನ್ ಗುಡ್ಡದ ಮೇಲಿನ ಹರ್ಸ್ಟ್ ಕ್ಯಾಸಲ್ ಕೂಡ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಅರಮನೆಯನ್ನು ನೋಡಿ ಬಂದವರಿಗೆ ಅದರ ಒಡೆಯರಾಗಿದ್ದ ಪತ್ರಿಕಾ ಉದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಅವರ ಹೆಸರು ನೆನಪಿನಲ್ಲಿ ಉಳಿಯುತ್ತದೆ, ಚಿನ್ನದ ಲೇಪವಿರುವ ಬಿಲ್ಲೆಗಳನ್ನು ಜೋಡಿಸಿದ ಈಜುಕೊಳ ನೆನಪಿನಲ್ಲಿ ಉಳಿಯುತ್ತದೆ. ಆದರೆ ಆ ಕಟ್ಟಡಗಳ ನಕ್ಷೆ ಬರೆದು, ಕೆಲಸದ ಮೇಲೆ ನಿಂತು, ಕಾಲು ಶತಮಾನಕ್ಕೂ ಮಿಕ್ಕಿ ಅದರ ಹೊಣೆ ಹೊತ್ತ ವಾಸ್ತುಶಿಲ್ಪಿ ಜೂಲಿಯಾ ಮಾರ್ಗನ್ ಅವರ ಹೆಸರು ಮನೆಗೆ ಮರಳುವಷ್ಟರಲ್ಲಿ ಮರೆತುಹೋಗಿರುತ್ತದೆ.

ವೃತ್ತಿಯಿಂದ ಸಿವಿಲ್ ಎಂಜಿನಿಯರ್ ಆಗಿರುವ ನಾನು ಈ ಪತ್ರ ಬರೆಯಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅವರ ಹೆಸರನ್ನು ನೆನಪಿಟ್ಟುಕೊಂಡವರು ಸಹ ಆ ಅರಮನೆಯ ಮೂಲಕವೇ ಅವರನ್ನು ಅಳೆಯುತ್ತಾರೆ. ಸುಮಾರು 700 ಕಟ್ಟಡಗಳನ್ನು ರೂಪಿಸಿದ ಒಬ್ಬರನ್ನು ಒಬ್ಬ ಸಿರಿವಂತರ ಬಯಕೆಯಿಂದ ಎದ್ದುನಿಂತ ಒಂದೇ ಸಮುಚ್ಚಯದಿಂದ ಅಳೆಯುವುದು ಸರಿಯಲ್ಲ. ಅವರ ನಿಜವಾದ ದೊಡ್ಡತನ ಇರುವುದು ಕಡಿಮೆ ಹಣದಲ್ಲಿ, ಬಹುಮಟ್ಟಿಗೆ ಹೆಂಗಸರ ಸಂಸ್ಥೆಗಳಿಗಾಗಿ ಕಟ್ಟಿದ ಕಟ್ಟಡಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಟ್ಟಡಗಳಲ್ಲಿ ಹಲವು ನಮ್ಮಲ್ಲಿ ಬಹಳ ಮಂದಿ ವಾಸಿಸುವ ಊರುಗಳಿಂದ ಒಂದು ಗಂಟೆಯ ಹಾದಿಯೊಳಗೇ ಇವೆ.

ಮಾರ್ಗನ್ ಅವರು 1872ರ ಜನವರಿ 20ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ, ಓಕ್‌ಲ್ಯಾಂಡಿನಲ್ಲಿ ಬೆಳೆದರು. 1890ರಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅಲ್ಲಿ ವಾಸ್ತುಶಿಲ್ಪ ವಿಭಾಗವೇ ಇರಲಿಲ್ಲ. ಆದ್ದರಿಂದ ಕಟ್ಟಡಗಳ ವಿದ್ಯೆಗೆ ಅತ್ಯಂತ ಹತ್ತಿರವಾಗಿದ್ದ ಸಿವಿಲ್ ಎಂಜಿನಿಯರಿಂಗನ್ನು ಆರಿಸಿಕೊಂಡು 1894ರಲ್ಲಿ ಪದವಿ ಪಡೆದರು. ಅನಿವಾರ್ಯವಾಗಿ ಮಾಡಿಕೊಂಡ ಈ ಆಯ್ಕೆಯೇ ಮುಂದೆ ಅವರ ಬಹುದೊಡ್ಡ ಬಲವಾಯಿತೆಂದು ನಾನು ಭಾವಿಸುತ್ತೇನೆ, ಏಕೆಂದರೆ ಅವರ ಕಾಲದ ಅನೇಕ ವಾಸ್ತುಶಿಲ್ಪಿಗಳು ಚಂದದ ಮುಂಭಾಗವನ್ನು ಬರೆದು, ಅದನ್ನು ನಿಲ್ಲಿಸುವ ಲೆಕ್ಕವನ್ನು ಬೇರೆಯವರಿಗೆ ಒಪ್ಪಿಸುತ್ತಿದ್ದರೆ, ಮಾರ್ಗನ್ ಅವರಿಗೆ ತೊಲೆಯ ಬಾಗು, ಕಂಬದ ಭಾರ, ತಳಪಾಯದ ಆಳ ಎಲ್ಲವೂ ಮೊದಲಿನಿಂದಲೇ ಕರಗತವಾಗಿದ್ದವು. ಅಲ್ಲಿ ರೇಖಾಗಣಿತದ ಚಿತ್ರಣವನ್ನು ಕಲಿಸುತ್ತಿದ್ದ ಬರ್ನಾರ್ಡ್ ಮೇಬೆಕ್ ಅವರು ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ತಮ್ಮ ಮನೆಯಲ್ಲಿ ವಾಸ್ತುಶಿಲ್ಪದ ಪಾಠ ಹೇಳುತ್ತಿದ್ದರು. ತಾವು ಓದಿದ ಪ್ಯಾರಿಸಿನ ಎಕೋಲ್ ದೆ ಬೋಜಾರ್‌ಗೆ ಹೋಗುವಂತೆ ಮಾರ್ಗನ್ ಅವರನ್ನು ಪ್ರೇರೇಪಿಸಿದವರೂ ಮೇಬೆಕ್ ಅವರೇ.

ಆ ಶಾಲೆ ಆಗ ಜಗತ್ತಿನಲ್ಲೇ ಅತಿ ಪ್ರಸಿದ್ಧವಾದ ಕಲಾಶಾಲೆಯಾಗಿತ್ತು. ಮಾರ್ಗನ್ ಅವರು 1896ರಲ್ಲಿ ಪ್ಯಾರಿಸ್ ತಲುಪಿದಾಗ ಅಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಫ್ರಾನ್ಸಿನ ಚಿತ್ರಕಾರ್ತಿಯರು ಮತ್ತು ಶಿಲ್ಪಕಾರ್ತಿಯರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1897ರಲ್ಲಿ ಶಾಲೆ ತನ್ನ ಪ್ರವೇಶ ಪರೀಕ್ಷೆಯನ್ನು ಅವರಿಗೂ ತೆರೆಯಿತು. ಆ ಪರೀಕ್ಷೆ ಎಂಥದ್ದೆಂದರೆ, ಅಭ್ಯರ್ಥಿಯು ಹನ್ನೆರಡು ಗಂಟೆಗಳ ಕಾಲ ಒಂದು ಪುಟ್ಟ ಗೂಡಿನಲ್ಲಿ ಒಬ್ಬಂಟಿಯಾಗಿ ಕುಳಿತು, ಕೊಟ್ಟ ವಿಷಯಕ್ಕೆ ತಕ್ಕಂತೆ ಒಂದು ಕಟ್ಟಡದ ವಿನ್ಯಾಸವನ್ನು ಬರೆದು ಮುಗಿಸಬೇಕಾಗಿತ್ತು; ಅದರ ಮೇಲೆ ಗಣಿತ, ಚಿತ್ರಕಲೆ, ಮಣ್ಣಿನ ಮಾದರಿ, ಇತಿಹಾಸಗಳ ಪರೀಕ್ಷೆಗಳನ್ನು ಫ್ರೆಂಚ್ ಭಾಷೆಯಲ್ಲಿ, ಅಡಿ ಅಂಗುಲಗಳಲ್ಲಿ ಕಲಿತ ಈ ಅಮೆರಿಕದ ತರುಣಿ ಮೀಟರಿನ ಅಳತೆಯಲ್ಲಿ ಎದುರಿಸಬೇಕಾಗಿತ್ತು.

ಮೊದಲ ಸಲ ಅವರಿಗೆ 42ನೆಯ ಸ್ಥಾನ ಬಂತು, ಶಾಲೆ ಸೇರಿಸಿಕೊಳ್ಳುತ್ತಿದ್ದುದು ಮೊದಲ 30 ಮಂದಿಯನ್ನು ಮಾತ್ರ. ಎರಡನೆಯ ಸಲ ಪರೀಕ್ಷಕರು ಅವರ ಅಂಕಗಳನ್ನು ಬೇಕೆಂದೇ ತಗ್ಗಿಸಿದರು. ಹುಡುಗಿಯರಿಗೆ ಉತ್ತೇಜನ ಕೊಡಲು ಅವರಿಗೆ ಇಷ್ಟವಿಲ್ಲ ಎಂಬ ಕಾರಣ ಮಾರ್ಗನ್ ಅವರ ಕಿವಿಗೂ ಬಿತ್ತು, ಅದನ್ನು ಅವರು ಪತ್ರದಲ್ಲಿ ಬರೆದರು. ಸಿಇಟಿ ರ‍್ಯಾಂಕುಗಳ ಲೆಕ್ಕದಲ್ಲೇ ಬೆಳೆದ ನಮ್ಮಂಥವರಿಗೆ ಇದರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಓದದೆ ಸೋಲುವುದು ಒಂದಾದರೆ, ಓದಿ ಗೆದ್ದ ಅಂಕವನ್ನೇ ಕಣ್ಣೆದುರು ಕಿತ್ತುಕೊಳ್ಳುವುದು ಮತ್ತೊಂದು. ಅವರು ಊರಿಗೆ ಮರಳಲಿಲ್ಲ. ಮಾರ್ಸೆಲ್ ದ ಮೊಂಕ್ಲೊ ಅವರ ಕಾರ್ಯಾಗಾರದಲ್ಲಿ ಅಭ್ಯಾಸ ಮುಂದುವರಿಸಿ, 1898ರ ಕೊನೆಯಲ್ಲಿ ಮೂರನೆಯ ಬಾರಿ ಪರೀಕ್ಷೆಗೆ ಕುಳಿತು 13ನೆಯ ಸ್ಥಾನ ಪಡೆದರು. ಇನ್ನು ತಡೆಯಲು ಯಾರಿಗೂ ದಾರಿ ಉಳಿಯಲಿಲ್ಲ.

ಪ್ರವೇಶ ಸಿಕ್ಕ ಮೇಲೆ ಎದುರಾದದ್ದು ವಯಸ್ಸಿನ ಕಟ್ಟಳೆ. ಮೂವತ್ತು ತುಂಬಿದವರು ಆ ಶಾಲೆಯಲ್ಲಿ ಮುಂದುವರಿಯುವಂತಿರಲಿಲ್ಲ, ಮತ್ತು ಪ್ರವೇಶಕ್ಕಾಗಿ ಹೋರಾಡುವುದರಲ್ಲೇ ಮಾರ್ಗನ್ ಅವರ ಎರಡು ವರ್ಷಗಳು ಕಳೆದುಹೋಗಿದ್ದವು. ಅಲ್ಲಿ ಇಷ್ಟೇ ವರ್ಷದ ಕೋರ್ಸ್ ಎಂಬ ನಿಯಮವಿರಲಿಲ್ಲ. ಒಂದಾದ ಮೇಲೊಂದರಂತೆ ಸ್ಪರ್ಧೆಗಳಲ್ಲಿ ಅಂಕ ಗಳಿಸುತ್ತಾ ಮೇಲೇರಬೇಕಾಗಿತ್ತು. ಈ ನಡುವೆ ವಿಲಿಯಂ ಹರ್ಸ್ಟ್ ಅವರ ತಾಯಿ, ದಾನಿ ಫೀಬಿ ಹರ್ಸ್ಟ್ ಅವರು ಹಣದ ನೆರವು ನೀಡಲು ಮುಂದೆ ಬಂದಾಗ ಮಾರ್ಗನ್ ಅವರು ವಿನಯದಿಂದಲೇ ಅದನ್ನು ಬೇಡವೆಂದರು. ಕೊನೆಯ ಸ್ಪರ್ಧೆಗಾಗಿ ಒಂದು ಭವ್ಯ ರಂಗಮಂದಿರದ ವಿನ್ಯಾಸವನ್ನು ಒಪ್ಪಿಸಿ, 1902ರ ಆರಂಭದಲ್ಲಿ, ಗಡುವು ಮುಗಿಯುವ ಹೊತ್ತಿಗೆ, ಆ ಶಾಲೆಯಿಂದ ವಾಸ್ತುಶಿಲ್ಪದ ಪ್ರಮಾಣಪತ್ರ ಪಡೆದ ಮೊದಲ ಮಹಿಳೆಯಾದರು.

ಅವರು ಮರಳಿದ ಕ್ಯಾಲಿಫೋರ್ನಿಯಾ ಎಂಥದ್ದಾಗಿತ್ತು ಎಂಬುದಕ್ಕೆ ಒಂದು ಸಂಗತಿ ಸಾಕು. ಮಾರ್ಗನ್ ಅವರು ರಾಜ್ಯದ ಮೊದಲ ಪರವಾನಗಿ ಪಡೆದ ಮಹಿಳಾ ವಾಸ್ತುಶಿಲ್ಪಿಯಾದದ್ದು 1904ರಲ್ಲಿ; ಇಲ್ಲಿನ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1911ರಲ್ಲಿ. ಅಂದರೆ ಕಾಲೇಜು ಕಟ್ಟಡಗಳಿಗೆ, ಹೋಟೆಲಿಗೆ, ಚರ್ಚಿಗೆ ಸಹಿ ಹಾಕಿ ಅವುಗಳ ಭದ್ರತೆಗೆ ಕಾನೂನಿನ ಮುಂದೆ ಹೊಣೆಯಾಗುತ್ತಿದ್ದ ಒಬ್ಬ ವೃತ್ತಿಪರರಿಗೆ ಏಳು ವರ್ಷಗಳ ಕಾಲ ತಮ್ಮ ಶಾಸಕರನ್ನು ಆರಿಸುವ ಅಧಿಕಾರವಿರಲಿಲ್ಲ. ಸ್ವಂತ ಕಚೇರಿ ತೆರೆಯುವ ಮೊದಲು ಅವರು ವಿಶ್ವವಿದ್ಯಾಲಯದ ವಾಸ್ತುಶಿಲ್ಪಿ ಜಾನ್ ಗೇಲನ್ ಹೋವರ್ಡ್ ಅವರಲ್ಲಿ ದುಡಿದು, ಹರ್ಸ್ಟ್ ಗಣಿಶಾಸ್ತ್ರ ಕಟ್ಟಡ ಮತ್ತು ಬರ್ಕ್ಲಿಯ ಗ್ರೀಕ್ ಬಯಲು ರಂಗಮಂದಿರಗಳ ಕೆಲಸದಲ್ಲಿ ಪಾಲ್ಗೊಂಡರು.

ಈಗ ಓಕ್‌ಲ್ಯಾಂಡಿನ ಮಿಲ್ಸ್ ಕಾಲೇಜಿನ ಆವರಣದಲ್ಲಿರುವ ಗಂಟೆಗೋಪುರದ ಬಳಿಗೆ ಬರೋಣ. ಎಲ್ ಕ್ಯಾಂಪನಿಲ್ ಎಂದು ಕರೆಯುವ ಈ ಗೋಪುರ 72 ಅಡಿ ಎತ್ತರವಿದೆ. 1893ರ ಷಿಕಾಗೋ ವಿಶ್ವಮೇಳಕ್ಕಾಗಿ ಎರಕ ಹೊಯ್ದ ಹತ್ತು ಗಂಟೆಗಳನ್ನು ಇದರಲ್ಲಿ ತೂಗುಹಾಕಿದ್ದಾರೆ. ಮಾರ್ಗನ್ ಅವರು 1904ರಲ್ಲಿ ಇದನ್ನು ಕಟ್ಟಿಸಿದ್ದು ಇಟ್ಟಿಗೆಯಿಂದಲ್ಲ, ಆ ಕಾಲಕ್ಕೆ ಬಹಳ ಮಂದಿ ಇನ್ನೂ ನಂಬದೆ ಇದ್ದ ಆರ್‌ಸಿಸಿಯಿಂದ. ಇಟ್ಟಿಗೆಯ ಗೋಡೆ ಮೇಲಿನಿಂದ ಬರುವ ಭಾರವನ್ನು ಎಷ್ಟಾದರೂ ತಡೆದೀತು, ಆದರೆ ನೆಲ ಅಡ್ಡಡ್ಡ ಅಲುಗಿದಾಗ ಗಾರೆಯ ಬೆಸುಗೆ ಬಿಟ್ಟು ಬಿರಿಯುತ್ತದೆ. ಕಾಂಕ್ರೀಟಿನ ಒಳಗೆ ಅಡಿಯಿಂದ ತುದಿಯವರೆಗೆ ಹಾಯ್ದ ಉಕ್ಕಿನ ಕಂಬಿಗಳಾದರೋ ಆ ಸೆಳೆತವನ್ನು ತಾವು ಹೊತ್ತು ಇಡೀ ಗೋಪುರವನ್ನು ಒಂದೇ ಒಡಲಾಗಿ ಹಿಡಿದಿಡುತ್ತವೆ. ಮೇಲ್ತುದಿಯಲ್ಲಿ ಭಾರವಾದ ಗಂಟೆಗಳನ್ನು ಹೊತ್ತು ನಿಲ್ಲುವ ಎತ್ತರದ ಕಟ್ಟಡಕ್ಕೆ ಭೂಕಂಪದಲ್ಲಿ ಅಪಾಯ ಇನ್ನೂ ಹೆಚ್ಚು. 1906ರ ಏಪ್ರಿಲ್ 18ರ ಮುಂಜಾನೆ ನೆಲ ನಡುಗಿ, ಹಿಂದೆಯೇ ಎದ್ದ ಬೆಂಕಿ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ದಿನಗಟ್ಟಲೆ ಸುಟ್ಟಿತು, ಮಾರ್ಗನ್ ಅವರ ಸ್ವಂತ ಕಚೇರಿಯೂ ಅದರಲ್ಲಿ ನಾಶವಾಯಿತು. ಮಿಲ್ಸ್‌ನ ಗೋಪುರ ಮಾತ್ರ ಕದಲಲಿಲ್ಲ. ಯಾವ ಶಿಫಾರಸು ಪತ್ರವೂ ಮಾಡಲಾರದ ಕೆಲಸವನ್ನು ಆ ಗೋಪುರ ಅವರಿಗಾಗಿ ಮಾಡಿತು. ಭೂಕಂಪದ ನೆಲದ ಮೇಲೆ ಕಟ್ಟುವ ನನ್ನಂಥ ಎಂಜಿನಿಯರುಗಳು ಅದರ ಮುಂದೆ ಗೌರವದಿಂದ ನಿಲ್ಲಬೇಕು.

ಸ್ಯಾನ್ ಫ್ರಾನ್ಸಿಸ್ಕೋದ ನಾಬ್ ಹಿಲ್‌ನ ಫೇರ್‌ಮಾಂಟ್ ಹೋಟೆಲು ಅವರ ಕೈಗೆ ಬಂದದ್ದು ಇದರ ಬೆನ್ನಲ್ಲೇ. ಉದ್ಘಾಟನೆಗೆ ಸಿದ್ಧವಾಗುತ್ತಿದ್ದ ಆ ಹೋಟೆಲಿನ ಹೊರಗೋಡೆಗಳು ಉಳಿದಿದ್ದರೂ ಒಳಗಿನ ಉಕ್ಕಿನ ಕಂಬಗಳು ಬೆಂಕಿಯ ಝಳಕ್ಕೆ ಬಾಗಿ ಮಹಡಿಗಳು ಕುಸಿದಿದ್ದವು. ಮಾರ್ಗನ್ ಅವರು ಅದನ್ನು ಗಟ್ಟಿಗೊಳಿಸಿ ಮರುಕಟ್ಟಿ, 1907ರಲ್ಲಿ ಅದರ ಬಾಗಿಲು ತೆರೆಯುವಂತೆ ಮಾಡಿದರು. ಆಗ ಅಲ್ಲಿಗೆ ಬಂದ ಒಬ್ಬ ಪತ್ರಕರ್ತೆ ಊಟದ ಹಾಲಿನ ಅಲಂಕಾರವನ್ನು ಹೊಗಳತೊಡಗಿದಾಗ, ಅಲಂಕಾರ ತಮ್ಮದಲ್ಲ, ತಮ್ಮ ಕೆಲಸ ಕಟ್ಟಡದ ರಚನೆಯದು ಎಂದು ಮಾರ್ಗನ್ ಅವರು ತಿದ್ದಬೇಕಾಯಿತು. ಹೆಂಗಸು ಎಂದರೆ ಪರದೆಯ ಬಣ್ಣ ಆರಿಸುವವಳು ಎಂಬ ಊಹೆ ಇಂದಿಗೂ ನಿರ್ಮಾಣ ಸ್ಥಳಗಳಿಂದ ಪೂರ್ತಿ ತೊಲಗಿಲ್ಲ ಎಂಬುದನ್ನು ಈ ವೃತ್ತಿಯಲ್ಲಿರುವ ಹೆಣ್ಣುಮಕ್ಕಳೆಲ್ಲ ಬಲ್ಲರು.

ನನಗೆ ವೈಯಕ್ತಿಕವಾಗಿ ಅತ್ಯಂತ ಪ್ರಿಯವಾದದ್ದು ಬರ್ಕ್ಲಿಯ ಕಾಲೇಜ್ ಅವೆನ್ಯೂದಲ್ಲಿರುವ ಸೇಂಟ್ ಜಾನ್ಸ್ ಚರ್ಚು. 1910ರ ಸುಮಾರಿಗೆ ಕಟ್ಟಿದ ಇದು ಈಗ ಮಾರ್ಗನ್ ಅವರ ಹೆಸರಿನ ರಂಗಮಂದಿರವಾಗಿದೆ. ಆ ಚರ್ಚಿನವರ ಬಳಿ ಹಣ ಕಡಿಮೆಯಿತ್ತು. ಹಣವಿಲ್ಲದ ಕಡೆ ಅಗ್ಗದ ಗಿಲಾವು ಬಳಿದು ಒಳಗಿನದನ್ನು ಮುಚ್ಚುವುದು ಸುಲಭದ ದಾರಿ. ಮಾರ್ಗನ್ ಅವರು ಮುಚ್ಚುವುದನ್ನೇ ಬಿಟ್ಟರು. ಒಳಗೆ ಕುಳಿತು ತಲೆಯೆತ್ತಿದರೆ ರೆಡ್‌ವುಡ್ ಮರದ ಗೋಡೆಗಂಬಗಳು, ಜಂತಿಗಳು, ತೊಲೆಗಳು, ಅವುಗಳನ್ನು ಬಿಗಿದ ಅಡ್ಡಪಟ್ಟಿಗಳು ಎಲ್ಲವೂ ಬೆತ್ತಲೆಯಾಗಿ ಕಾಣುತ್ತವೆ, ಮತ್ತು ಚಾವಣಿಯ ಭಾರ ಯಾವ ತೊಲೆಯಿಂದ ಯಾವ ಕಂಬಕ್ಕೆ, ಅಲ್ಲಿಂದ ನೆಲಕ್ಕೆ ಹೇಗೆ ಇಳಿಯುತ್ತದೆ ಎಂಬುದನ್ನು ಕಣ್ಣಿನಿಂದಲೇ ಹಿಂಬಾಲಿಸಬಹುದು. ಮರದ ಕಂದುಗೆಂಪು ಬಣ್ಣ, ಕಂಬಗಳ ಸಮನಾದ ಅಂತರ, ಕಿಟಕಿಯಿಂದ ಒಳಬರುವ ಬೆಳಕು, ಇಷ್ಟೇ ಅಲ್ಲಿನ ಅಲಂಕಾರ. ಎಂಜಿನಿಯರಿಂಗ್ ಓದಲು ಹೊರಟಿರುವ ಮಕ್ಕಳನ್ನು ಇಲ್ಲಿ ಒಮ್ಮೆ ಕೂರಿಸಿದರೆ ಪಠ್ಯಪುಸ್ತಕದ ಒಂದು ಅಧ್ಯಾಯ ತಾನಾಗಿಯೇ ತಲೆಗೆ ಹತ್ತುತ್ತದೆ.

ಇಷ್ಟು ಕೆಲಸ ಅವರಿಗೆ ಹೇಗೆ ಬಂತು ಎಂಬ ಪ್ರಶ್ನೆಗೆ ಪ್ರತಿಭೆ ಎಂಬ ಒಂದೇ ಉತ್ತರ ಸಾಲದು. ಎಂಐಟಿಯಲ್ಲಿ 1890ರಲ್ಲಿ ಪದವಿ ಪಡೆದ ಸೋಫಿಯಾ ಹೇಡನ್ ಅವರು ಷಿಕಾಗೋ ಮೇಳದ ಮಹಿಳಾ ಭವನವನ್ನು ರೂಪಿಸಿದ ಪ್ರತಿಭಾವಂತೆ; ಆ ಬಳಿಕ ಅವರು ಮತ್ತೊಂದು ಕಟ್ಟಡ ಕಟ್ಟಲಿಲ್ಲ. ಮಾರ್ಗನ್ ಅವರ ಬೆನ್ನಿಗಾದರೋ ಹೆಂಗಸರೇ ಕಟ್ಟಿ ಬೆಳೆಸಿದ ಸಂಸ್ಥೆಗಳು ನಿಂತವು. ಹೆಣ್ಣುಮಕ್ಕಳ ಕಾಲೇಜಾಗಿದ್ದ ಮಿಲ್ಸ್, ಹಲವು ಮಹಿಳಾ ಕ್ಲಬ್ಬುಗಳು, ಎಲ್ಲಕ್ಕಿಂತ ಹೆಚ್ಚಾಗಿ ಯುವತಿಯರ ಕ್ರೈಸ್ತ ಸಂಘವಾದ ವೈಡಬ್ಲ್ಯೂಸಿಎ, ಅವರಿಗೆ ಕೆಲಸ ಕೊಟ್ಟವು, ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮೊದಲ ಮಹಿಳಾ ಸದಸ್ಯೆಯಾಗಿದ್ದ ಫೀಬಿ ಹರ್ಸ್ಟ್ ಅವರ ಬೆಂಬಲ ಇದರಲ್ಲಿ ದೊಡ್ಡದು. (ಪ್ಲೆಸೆಂಟನ್‌ನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಫೀಬಿ ಅವರ ದೊಡ್ಡ ಮನೆ ಇದ್ದದ್ದು ನಿಮ್ಮ ಊರಿನಲ್ಲೇ, ಅಲ್ಲಿಯೂ ಮಾರ್ಗನ್ ಅವರು ಕೆಲಸ ಮಾಡಿದ್ದರು, ಆ ಮನೆ 1969ರಲ್ಲಿ ಬೆಂಕಿಗೆ ಆಹುತಿಯಾಯಿತು.) ಹಳ್ಳಿಗಳಿಂದ, ಬೇರೆ ದೇಶಗಳಿಂದ ದುಡಿಮೆಗಾಗಿ ನಗರಕ್ಕೆ ಬರುತ್ತಿದ್ದ ಒಂಟಿ ಹುಡುಗಿಯರಿಗೆ ಸುರಕ್ಷಿತವಾದ ಕೋಣೆ, ಊಟ, ವ್ಯಾಯಾಮಶಾಲೆ, ತರಗತಿ ಎಲ್ಲವೂ ಒಂದೇ ಸೂರಿನಡಿ ಸಿಗಬೇಕಾಗಿದ್ದ ಕಾಲ ಅದು. ಓಕ್‌ಲ್ಯಾಂಡ್, ಹೊನೊಲುಲು, ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್, ಹೀಗೆ ಊರಿಂದೂರಿಗೆ ಅವರು ಅಂಥ ಕಟ್ಟಡಗಳನ್ನು ರೂಪಿಸಿದರು. ಪೆಸಿಫಿಕ್ ಗ್ರೋವ್‌ನ ಕಡಲ ದಿಣ್ಣೆಗಳ ನಡುವೆ 1913ರಿಂದ ಮುಂದೆ ಕಲ್ಲು ಮತ್ತು ರೆಡ್‌ವುಡ್‌ನಲ್ಲಿ ಎದ್ದ ಅಸಿಲೊಮಾರ್ ಶಿಬಿರವೂ ವೈಡಬ್ಲ್ಯೂಸಿಎಗಾಗಿ ಕಟ್ಟಿದ್ದೇ.

ಅವರ ಕಚೇರಿ ಸ್ಯಾನ್ ಫ್ರಾನ್ಸಿಸ್ಕೋದ ಮರ್ಚೆಂಟ್ಸ್ ಎಕ್ಸ್‌ಚೇಂಜ್ ಕಟ್ಟಡದ ಹದಿಮೂರನೆಯ ಮಹಡಿಯಲ್ಲಿತ್ತು. ನಕ್ಷೆಗಾರರು ಯಾವಾಗ ಬೇಕಾದರೂ ತೆಗೆದು ನೋಡಬಹುದಾಗಿದ್ದ ಪುಸ್ತಕ ಭಂಡಾರವನ್ನು ಅಲ್ಲಿ ಇಟ್ಟಿದ್ದರು. ನಕ್ಷೆ ಬರೆಯುವ ಕೆಲಸಕ್ಕೆ ಹೆಂಗಸರನ್ನೂ ಸೇರಿಸಿಕೊಂಡು ತರಬೇತಿ ಕೊಟ್ಟರು. ಲಾಭ ಬಂದ ವರ್ಷ, ಕಚೇರಿ ನಡೆಸಲು ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ನೌಕರರಿಗೆ ಹಂಚುತ್ತಿದ್ದರು. ಕೆಲಸದಲ್ಲಿ ಮಾತ್ರ ಕಟ್ಟುನಿಟ್ಟು. ಸ್ವತಃ ಏಣಿ ಹತ್ತಿ ಸಾರುವೆಯ ಮೇಲೆ ನಡೆದು ಪರೀಕ್ಷಿಸುವುದು, ಸರಿಯಿಲ್ಲದ್ದನ್ನು ಕಿತ್ತು ಮತ್ತೆ ಮಾಡಿಸುವುದು ಅವರ ಪದ್ಧತಿಯಾಗಿತ್ತು.

ಸ್ಯಾನ್ ಸಿಮಿಯನ್‌ನ ಕೆಲಸ 1919ರಲ್ಲಿ ಶುರುವಾಗಿ 1947ರವರೆಗೆ ನಡೆಯಿತು. ವಾರವೆಲ್ಲ ನಗರದ ಕಚೇರಿಯಲ್ಲಿ ದುಡಿದು, ವಾರಾಂತ್ಯದಲ್ಲಿ ರಾತ್ರಿ ರೈಲು ಹಿಡಿದು ಸ್ಯಾನ್ ಲೂಯಿಸ್ ಒಬಿಸ್ಪೋಗೆ ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಗುಡ್ಡ ಸೇರುತ್ತಿದ್ದರು. 1919ರಿಂದ 1939ರವರೆಗೆ ಹೀಗೆ ಅವರು 558 ಬಾರಿ ಹೋಗಿಬಂದರು. ಹರ್ಸ್ಟ್ ಅವರು ಮನಸ್ಸು ಬದಲಾಯಿಸಿದಂತೆಲ್ಲ ಕಟ್ಟಿದ್ದನ್ನು ಒಡೆದು ಮತ್ತೆ ಕಟ್ಟಬೇಕಾಗುತ್ತಿತ್ತು. ನೆಪ್ಚೂನ್ ಕೊಳವೊಂದನ್ನೇ ಮೂರು ಬಾರಿ ರೂಪಿಸಿದರು. ಸ್ಪೇನ್ ಇಟಲಿಗಳಿಂದ ಕೊಂಡು ತಂದ ಹಳೆಯ ಚಾವಣಿ, ಬಾಗಿಲುವಾಡ, ಕೆತ್ತನೆಗಳನ್ನು ಹೊಸ ಕಾಂಕ್ರೀಟ್ ಗೋಡೆಗಳಿಗೆ ಹೊಂದಿಸುವುದು, ಬಂದರಿನಿಂದ ಗುಡ್ಡಕ್ಕೆ ಸಾಮಗ್ರಿ ಏರಿಸುವುದು, ನೂರಾರು ಕೆಲಸಗಾರರ ಮೇಲ್ವಿಚಾರಣೆ, ಹರ್ಸ್ಟ್ ಅವರ ಪ್ರಾಣಿಸಂಗ್ರಹಾಲಯದ ವಸತಿ, ಎಲ್ಲವೂ ಅವರ ಮೇಜಿಗೇ ಬರುತ್ತಿತ್ತು. ಇದನ್ನು ಸಾಮಾನ್ಯ ಸಾಧನೆ ಎನ್ನಲು ನನಗೆ ಬಾಯಿ ಬಾರದು. ಆದರೆ ಇದೇ ವರ್ಷಗಳಲ್ಲಿ ಅವರು ಬರ್ಕ್ಲಿಯ ಮಹಿಳಾ ಸಿಟಿ ಕ್ಲಬ್, ಚೈನಾಟೌನಿನ ವೈಡಬ್ಲ್ಯೂಸಿಎಗಳನ್ನೂ ಮುಗಿಸಿದರು ಎಂಬುದನ್ನು ಮರೆತು ಅರಮನೆಯನ್ನು ಮಾತ್ರ ಎಣಿಸುವುದು ಅವರಿಗೆ ಮಾಡುವ ಅನ್ಯಾಯ.

1932ರಲ್ಲಿ ಆದ ಕಿವಿಯ ಶಸ್ತ್ರಚಿಕಿತ್ಸೆ ಅವರ ದೇಹದ ಸಮತೋಲನವನ್ನು ಕೆಡಿಸಿತು. ಆ ಬಳಿಕವೂ ಅವರು ಸಾರುವೆ ಹತ್ತುವುದನ್ನು ಬಿಡಲಿಲ್ಲ. 1951ರಲ್ಲಿ ಕಚೇರಿ ಮುಚ್ಚಿದರು, 1957ರ ಫೆಬ್ರವರಿ 2ರಂದು ತೀರಿಕೊಂಡರು. ಅವರು ಪ್ರಚಾರವನ್ನು ದೂರವಿಟ್ಟವರು, ಸಂದರ್ಶನಗಳಿಗೆ ಸಿಗುತ್ತಿರಲಿಲ್ಲ. ಗಾಜು ಉಕ್ಕಿನ ಆಧುನಿಕ ಶೈಲಿಯನ್ನು ಮೆರೆಸಿದ ಮುಂದಿನ ತಲೆಮಾರಿನ ವಿಮರ್ಶಕರು, ಗಿರಾಕಿಗೆ ಮತ್ತು ಸ್ಥಳಕ್ಕೆ ತಕ್ಕ ಶೈಲಿಯನ್ನು ಆರಿಸುತ್ತಿದ್ದ ಇವರನ್ನು ಕಣ್ಣೆತ್ತಿ ನೋಡಲಿಲ್ಲ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1907ರಿಂದ ಕೊಡುತ್ತ ಬಂದಿರುವ ಚಿನ್ನದ ಪದಕ 2014ರವರೆಗೆ ಒಬ್ಬ ಮಹಿಳೆಗೂ ಸಂದಿರಲಿಲ್ಲ. ಆ ವರ್ಷ ಅದು ಮಾರ್ಗನ್ ಅವರಿಗೆ, ಅವರು ತೀರಿಕೊಂಡ 57 ವರ್ಷಗಳ ನಂತರ, ಸಂದಿತು. ಜೀವಂತವಿದ್ದಾಗ ಕೊಡಬೇಕಾಗಿದ್ದ ಗೌರವವನ್ನು ಕೊಡದೆ ಹೋದದ್ದು ಆ ವೃತ್ತಿಯ ಲೋಪವೆಂದೇ ನಾನು ಹೇಳುತ್ತೇನೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆಗಳು ಇವು. ಊರಿನ ಹಿರಿಯರನ್ನು ಹರ್ಸ್ಟ್ ಕ್ಯಾಸಲ್‌ಗೆ ಖಂಡಿತ ಕರೆದೊಯ್ಯಿರಿ, ಆದರೆ ಅಲ್ಲಿ ಕಟ್ಟಿಸಿದವರ ಹೆಸರಿನ ಜತೆಗೆ ಕಟ್ಟಿದವರ ಹೆಸರನ್ನೂ ಹೇಳಿರಿ. ಅಷ್ಟು ದೂರದ ಪ್ರಯಾಣ ಆಗದ ವಯಸ್ಸಾದವರಿಗೆ ಓಕ್‌ಲ್ಯಾಂಡಿನ ಗೋಪುರ, ಬರ್ಕ್ಲಿಯ ಆ ಮರದ ಚರ್ಚು, ಸಿಟಿ ಕ್ಲಬ್ ಇವುಗಳನ್ನು ಒಂದೇ ದಿನದಲ್ಲಿ ಆಯಾಸವಿಲ್ಲದೆ ತೋರಿಸಬಹುದು. ಮಾಂಟೆರೆ ಕಡೆಗೆ ಹೊರಟವರು ಅಸಿಲೊಮಾರ್‌ನಲ್ಲಿ ಇಳಿದು ನೋಡಬಹುದು. ಚೈನಾಟೌನಿನ ವೈಡಬ್ಲ್ಯೂಸಿಎ ಕಟ್ಟಡದಲ್ಲಿ ಈಗ ಚೀನೀ ಅಮೆರಿಕನ್ನರ ಇತಿಹಾಸದ ಸಂಗ್ರಹಾಲಯವಿದೆ, ವಲಸೆ ಬಂದ ನಮಗೆ ಅಲ್ಲಿ ತಿಳಿದುಕೊಳ್ಳಬೇಕಾದದ್ದು ಬಹಳಷ್ಟಿದೆ. ಕನ್ನಡ ಶಾಲೆಗಳ ಅಧ್ಯಾಪಕರು ಮಕ್ಕಳಿಗೆ ಸಾಧಕಿಯರ ಕುರಿತು ಪ್ರಬಂಧ ಬರೆಸುವಾಗ, ಆ ಮಕ್ಕಳು ಹುಟ್ಟಿ ಬೆಳೆಯುತ್ತಿರುವ ಈ ನೆಲದ ಈ ಸಾಧಕಿಯನ್ನೂ ವಿಷಯವಾಗಿ ಕೊಡಬೇಕು. ಕೂಟಗಳ ಪದಾಧಿಕಾರಿಗಳು ಮುಂದಿನ ಬೇಸಿಗೆಯ ಹಿರಿಯರ ಪ್ರವಾಸದಲ್ಲಿ ಈ ಕಟ್ಟಡಗಳಿಗೆ ಒಂದು ದಿನ ಮೀಸಲಿಟ್ಟರೆ, ಪ್ರತಿಯೊಂದು ಕಟ್ಟಡದ ಬಗ್ಗೆ ಕನ್ನಡದಲ್ಲಿ ಒಂದೊಂದು ಪುಟದ ಮಾಹಿತಿ ಬರೆದುಕೊಡಲು ಮತ್ತು ಅವರ ಜತೆಯಲ್ಲಿ ಬಂದು ವಿವರಿಸಲು ನಾನು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓಕ್‌ಲ್ಯಾಂಡಿನಲ್ಲಿ ನೆಲೆಸಿರುವ ಒಬ್ಬ ಕನ್ನಡತಿ, ಸಿವಿಲ್ ಎಂಜಿನಿಯರ್